ಕುರುಮಾನಿನ ಗೃಹಸ್ಥರು

ಶನಿವಾರ ಎಂದು ಬಂದೀತೋ, ನೆಲಕ್ಕೆ ಸೆಗಣಿ ಹಾಕಿ ಸಾರಿಸುವುದು ಎಂದಾದೀತೋ ಎಂದು ತಾನು ಕಾದಿರುವುದಾಗಿ ಒಬ್ಬ ಗೃಹಿಣಿ ತನ್ನ ತವರಿಗೆ ಬರೆದರೆ, ಅದರಲ್ಲಿ ಬೆರಗಾಗತಕ್ಕದ್ದೇನೂ ನಮ್ಮವರಿಗೆ ಕಾಣದು. ಆದರೆ ಹಾಗೆ ಬರೆದವಳು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೀಮೆಯಲ್ಲಿ, ಸಸಿಗಳನ್ನು ಬೆಳೆಸಿ ಮಾರುವ ಅನುಕೂಲಸ್ಥನೊಬ್ಬನ ಮನೆಯಲ್ಲಿ, ಒಬ್ಬಳೇ ಹೆಣ್ಣುಮಗಳಾಗಿ ಮುದ್ದಿನಿಂದ ಬೆಳೆದವಳು. ಬರೆದದ್ದು 1820ರ ದಶಕದ ಆರಂಭದಲ್ಲಿ, ದಕ್ಷಿಣ ಆಫ್ರಿಕೆಯ ಕಲಹಾರಿ ಮರುಭೂಮಿಯ ಅಂಚಿನಿಂದ. ಮೊದಮೊದಲು ಆ ಸಾರಣೆಯನ್ನು ಕಂಡು ಮುಖ ತಿರುಗಿಸಿದವಳು, ಧೂಳನ್ನು ಅಡಗಿಸುವುದಕ್ಕೂ ಚಿಗಟಗಳನ್ನು ಕೊಲ್ಲುವುದಕ್ಕೂ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲವೆಂಬುದನ್ನು ಆ ನೆಲದ ಹೆಂಗಸರಿಂದ ಕಲಿತು, ವಾರಕ್ಕೊಮ್ಮೆಯ ಆ ಕೆಲಸವನ್ನು ತನ್ನ ಮನೆಯ ನಿಯಮವನ್ನಾಗಿ ಮಾಡಿಕೊಂಡಳು. ಅವಳ ಹೆಸರು ಮೇರಿ. ಅವಳ ಗಂಡ ರಾಬರ್ಟ್ ಮೊಫೆಟ್, ಲಂಡನ್ ಮಿಶನರಿ ಸೊಸೈಟಿಯ ಪಾದ್ರಿ.

ಮೊಫೆಟನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎರಡು ಕಾರಣಗಳಿಂದ ಬರುತ್ತದೆ: ಸೆತ್ಸ್ವಾನಾ ಭಾಷೆಗೆ ಬೈಬಲನ್ನು ತಂದವನೆಂದು ಒಂದು, ಭೂಶೋಧಕ ಡೇವಿಡ್ ಲಿವಿಂಗ್‌ಸ್ಟನನ ಮಾವನೆಂದು ಇನ್ನೊಂದು. ಎರಡೂ ಸತ್ಯವೇ. ಆದರೆ ಅವರ ಜೀವನವನ್ನು ಓದುತ್ತ ಹೋದಂತೆಲ್ಲ, ಇವೆರಡಕ್ಕೂ ಆಧಾರವಾದದ್ದು ಆ ದಂಪತಿಗಳ ಗಾರ್ಹಸ್ಥ್ಯವೇ ಎಂಬ ಭಾವನೆ ನನ್ನಲ್ಲಿ ಬಲಿಯುತ್ತ ಬಂದಿದೆ. ಧರ್ಮಪ್ರಚಾರಕನೆಂದರೆ ಮನೆ ತೊರೆದವನೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇವರಾದರೋ ತಮ್ಮ ಮನೆಯನ್ನು ಆರು ಸಾವಿರ ಮೈಲಿ ದೂರ ಹೊತ್ತೊಯ್ದು, ಅರ್ಧ ಶತಮಾನದ ಕಾಲ ಒಂದೇ ಊರಿನಲ್ಲಿ ಒಲೆ ಉರಿಸಿದವರು.

ರಾಬರ್ಟ್ ಹುಟ್ಟಿದ್ದು 1795ರಲ್ಲಿ, ಸ್ಕಾಟ್ಲೆಂಡಿನ ಆರ್ಮಿಸ್ಟನ್ ಎಂಬ ಹಳ್ಳಿಯಲ್ಲಿ. ಕಸಬಿನಿಂದ ಆತ ತೋಟಗಾರ. ಮೇರಿಯ ತಂದೆ ಜೇಮ್ಸ್ ಸ್ಮಿತ್ತನ ಡಕಿನ್‌ಫೀಲ್ಡಿನ ಸಸ್ಯೋದ್ಯಾನದಲ್ಲಿ ಕೆಲಸಕ್ಕಿದ್ದಾಗಲೇ ಅವರಿಬ್ಬರ ಪರಿಚಯವಾದದ್ದು. 1816ರಲ್ಲಿ ಸೊಸೈಟಿ ಆತನನ್ನು ಆಫ್ರಿಕೆಗೆ ಕಳುಹಿಸಿತು. ಮಗಳನ್ನು ಅಷ್ಟು ದೂರಕ್ಕೆ ಕೊಡಲು ಹೆತ್ತವರು ಒಪ್ಪಲಿಲ್ಲ. ಹಠದಿಂದಲ್ಲ, ಮೂರು ವರ್ಷಗಳ ಮೌನವಾದ ಕಾಯುವಿಕೆಯಿಂದ ಮೇರಿ ಅವರ ಮನಸ್ಸನ್ನು ಕರಗಿಸಿದಳು. 1819ರ ಡಿಸೆಂಬರ್ 27ರಂದು ಕೇಪ್‌ಟೌನಿನಲ್ಲಿ ಅವರ ವಿವಾಹವಾಯಿತು. ಮರುವರ್ಷ ಎತ್ತಿನ ಗಾಡಿಯಲ್ಲಿ ಉತ್ತರಕ್ಕೆ ಹೊರಟ ದಂಪತಿಗಳು ವಾರಗಟ್ಟಲೆಯ ಪ್ರಯಾಣದ ಮೇಲೆ, ತ್ಸ್ವಾನಾ ಜನರಲ್ಲಿ ಒಂದು ಪಂಗಡವಾದ ಬತ್ಲಾಪಿಂಗರ ನಾಡನ್ನು ಸೇರಿದರು. ಅವರಿಗಿಂತ ಮೊದಲೇ ಅಲ್ಲಿದ್ದವನು ರಾಬರ್ಟ್ ಹ್ಯಾಮಿಲ್ಟನ್ ಎಂಬ ಹಿರಿಯ. 1851ರಲ್ಲಿ ಅಲ್ಲಿಯೇ ಮಣ್ಣಾಗುವವರೆಗೆ ಅವರಿಗೆ ಒಡನಾಡಿಯಾಗಿದ್ದವನು.

ಆ ಮೊದಲ ವರ್ಷಗಳ ದಿನಚರಿ ಕಷ್ಟದ್ದು. ಅರಸನಾದ ಮೊತಿಬಿ ಅವರನ್ನು ಇರಗೊಟ್ಟಿದ್ದನೆಂಬುದೊಂದು ಬಿಟ್ಟರೆ, ಅವರ ಉಪದೇಶವನ್ನು ಕೇಳಬೇಕೆಂಬ ಆಸೆ ಊರಿನಲ್ಲಿ ಯಾರಿಗೂ ಇರಲಿಲ್ಲ. ಹೊತ್ತು ಮೂಡಿದರೆ ಮನೆಯ ತುಂಬ ಜನ. ಮೈಗೆ ಕೆಮ್ಮಣ್ಣು ಮತ್ತು ಕೊಬ್ಬು ಬಳಿದುಕೊಂಡ ಆ ನೆಂಟರು ಕುಳಿತಲ್ಲೆಲ್ಲ ಆ ಬಣ್ಣವೇ ಹತ್ತುತ್ತಿತ್ತು. ಅವರಾಗಿ ಏಳುವವರೆಗೆ ಮನೆಯೊಡತಿಗೆ ತನ್ನ ಅಡಿಗೆಯ ಕೆಲಸಕ್ಕೂ ಎಡೆಯಿಲ್ಲ. ದಯವಿಟ್ಟು ಹೊರಗೆ ಹೋಗಬೇಕೆಂದು ಒಮ್ಮೆ ಮೇರಿ ಒಬ್ಬ ಹೆಂಗಸನ್ನು ಕೇಳಿಕೊಂಡುದಕ್ಕೆ ಅವಳು ಕಟ್ಟಿಗೆಯ ತುಂಡನ್ನೆತ್ತಿಕೊಂಡು ಹೊಡೆಯಲು ಬಂದಳಂತೆ. ಮೇರಿ ಮನೆಯನ್ನು ಅವಳಿಗೇ ಬಿಟ್ಟು ಪ್ರಾರ್ಥನೆಗೆ ನಡೆದಳು. ಬೇಸಾಯಕ್ಕೆಂದು ಮಿಶನರಿಗಳು ತೋಡಿದ ಕಾಲುವೆಯ ನೀರನ್ನು ಊರಿನ ಹೆಂಗಸರು ಮೇಲ್ಗಡೆಯೇ ತಮ್ಮ ಹೊಲಗಳಿಗೆ ತಿರುಗಿಸಿಕೊಳ್ಳುತ್ತಿದ್ದರು. ಮೊಫೆಟ್ ಇದನ್ನು ಕಿರುಕುಳವೆಂದೇ ಬರೆದನು. ಆದರೆ ಆ ನೀರು ಯಾರದೆಂಬ ಪ್ರಶ್ನೆಯನ್ನು ಆ ಹೆಂಗಸರ ಕಡೆ ನಿಂತು ನೋಡಿದರೆ ನ್ಯಾಯ ಅಷ್ಟು ಸರಳವಾಗಿ ಕಾಣುವುದಿಲ್ಲ: ಆ ನಾಡಿನಲ್ಲಿ ಗುದ್ದಲಿ ಹಿಡಿದು ಬೆಳೆ ತೆಗೆಯುತ್ತಿದ್ದವರು ಹೆಂಗಸರೇ, ಬರಗಾಲದಲ್ಲಿ ಒಣಗುತ್ತಿದ್ದುದು ಅವರ ಹೊಲವೇ.

ಆ ಬರಗಾಲ ಅವರನ್ನು ಊರಿನಿಂದಲೇ ಹೊರಡಿಸುವುದರಲ್ಲಿತ್ತು. ಮಳೆ ತರಿಸುವವನೆಂದು ದೂರದಿಂದ ಕರೆಸಿಕೊಂಡ ಮಂತ್ರವಾದಿ ಮಳೆ ಬಾರದಿದ್ದಾಗ ತಪ್ಪನ್ನು ಪರದೇಶದವರ ಮೇಲೆ ಹೊರಿಸಿದನು. ಒಂದು ದಿನ ಊರಿನ ಪ್ರಮುಖನೊಬ್ಬನು ಈಟಿ ಹಿಡಿದು, ಹತ್ತು ಹನ್ನೆರಡು ಮಂದಿಯೊಡನೆ ಬಂದು ಮರದಡಿಯಲ್ಲಿ ನಿಂತು, ದೇಶ ಬಿಟ್ಟು ಹೋಗಬೇಕೆಂದು ವಿಧಿಸಿದನು. ತಾನಾಗಿ ಹೋಗುವುದಿಲ್ಲವೆಂದೂ, ಬೇಕಾದರೆ ಕೊಲ್ಲಬಹುದೆಂದೂ ಹೇಳಿ ಮೊಫೆಟ್ ಎದೆಯ ಮೇಲಿನ ಅಂಗಿಯನ್ನು ತೆರೆದು ನಿಂತನು. ಬಂದವರು ತಲೆಯಾಡಿಸುತ್ತ ಹಿಂದಿರುಗಿದರು. ಈ ಪ್ರಸಂಗವನ್ನು ಆತನ ಧೈರ್ಯದ ನಿದರ್ಶನವೆಂದು ಎಲ್ಲರೂ ಹೇಳುತ್ತಾರೆ. ಆ ಹೊತ್ತಿನಲ್ಲಿ ಗುಡಿಸಲಿನ ಬಾಗಿಲಲ್ಲಿ, ಕಂಕುಳಲ್ಲಿ ಕೂಸನ್ನೆತ್ತಿಕೊಂಡು, ಎಲ್ಲವನ್ನೂ ನೋಡುತ್ತ ನಿಂತಿದ್ದ ಮೇರಿಯನ್ನೂ ಆತ ತನ್ನ ಬರಹದಲ್ಲಿ ಮರೆಯದೆ ನೆನೆದಿದ್ದಾನೆ.

ಅದೇ ನಾಡಿನ ಕುರುಮಾನ್ ಎಂಬಲ್ಲಿಯ ಊಟೆಯನ್ನು ಕಂಡವರು ಅದನ್ನು ಮರೆಯರು. ಮಳೆಯೇ ಅಪರೂಪವಾದ ಆ ಸೀಮೆಯಲ್ಲಿ ಒಂದು ಬಂಡೆಯ ಬುಡದಿಂದ ದಿನಕ್ಕೆ ಸುಮಾರು 2 ಕೋಟಿ ಲೀಟರಿನಷ್ಟು ತಿಳಿನೀರು ಉಕ್ಕಿ ಹೊಳೆಯಾಗಿ ಹರಿಯುತ್ತದೆ. 1824ರ ಹೊತ್ತಿಗೆ ಮಿಶನರಿಗಳು ಆ ಹೊಳೆಯ ಕೆಳಭಾಗಕ್ಕೆ ತಮ್ಮ ವಸತಿಯನ್ನು ಸಾಗಿಸಿ, ಹೊಸ ಕಾಲುವೆ ತೆಗೆದು, ಕಲ್ಲಿನ ಮನೆಗಳನ್ನು ಕಟ್ಟಿದರು. ತೋಟಗಾರನ ಕೈ ಈಗ ಕೆಲಸಕ್ಕೆ ಬಂದಿತು: ಗೋಧಿ, ಆಲೂಗಡ್ಡೆ, ದ್ರಾಕ್ಷಿ, ಅಂಜೂರ, ಬಾದಾಮಿ, ಪೀಚ್ ಹಣ್ಣಿನ ಮರ. ಮೊಫೆಟನ ಒಂದು ದಿನದಲ್ಲಿ ಎಷ್ಟು ಕಸಬುಗಳು ಸೇರಿದ್ದುವೆಂಬುದನ್ನು ನೆನೆದರೆ ಮನಸ್ಸು ದಣಿಯುತ್ತದೆ. ಬೆಳಗ್ಗೆ ಕುಲುಮೆಯ ಮುಂದೆ ಗಾಡಿಯ ಪಟ್ಟಿ ಬಡಿದು, ಹಗಲು ಕಾಲುವೆಯ ಹೂಳೆತ್ತಿ, ನಡುವೆ ಬಂದವರ ಹಲ್ಲು ಕಿತ್ತು ಹುಣ್ಣು ತೊಳೆದು, ಸಂಜೆ ಶಾಲೆ ನಡೆಸಿ, ಎಲ್ಲರೂ ಮಲಗಿದ ಮೇಲೆ ದೀಪದ ಮುಂದೆ ಭಾಷಾಂತರಕ್ಕೆ ಕೂರಬೇಕಾಗಿತ್ತು. ಆ ದೀಪಕ್ಕೆ ಬೇಕಾದ ಮೇಣದಬತ್ತಿಯನ್ನು ಕುರಿಯ ಕೊಬ್ಬು ಕರಗಿಸಿ ಅಚ್ಚಿಗೆ ಹೊಯ್ದು ಮಾಡಬೇಕಾದದ್ದು ಮನೆಯಲ್ಲಿಯೇ. ಸಾಬೂನು, ರೊಟ್ಟಿ, ಬೆಣ್ಣೆ, ಮಕ್ಕಳ ಅಂಗಿ, ಯಾವುದನ್ನೂ ಕೊಂಡುತರುವಂತಿರಲಿಲ್ಲ. ಕೇಪ್‌ಟೌನಿಗೆ ಹೋಗಿ ಬರಬೇಕೆಂದರೆ ಗಾಡಿಯಲ್ಲಿ ತಿಂಗಳುಗಟ್ಟಲೆಯ ಮಾತು.

ಭಾಷೆಯ ವಿಷಯದಲ್ಲಿಯೂ ಸಂಸಾರದ ತ್ಯಾಗವೇ ದಾರಿಯಾಯಿತು. ಡಚ್ ಬಲ್ಲ ದುಭಾಷಿಗಳ ಮೂಲಕ ಉಪದೇಶ ಮಾಡುತ್ತ ಹೋದರೆ ಅರ್ಥಕ್ಕೆ ಬದಲಾಗಿ ಅಪಾರ್ಥವೇ ಹರಡುವುದೆಂದು ಕಂಡುಕೊಂಡ ಮೊಫೆಟ್, 1827ರಲ್ಲಿ ಹೆಂಡತಿ ಮಕ್ಕಳನ್ನು ಕುರುಮಾನಿನಲ್ಲಿ ಬಿಟ್ಟು, ಸುಮಾರು ಹತ್ತು ವಾರಗಳ ಕಾಲ ತ್ಸ್ವಾನಾ ಜನರಲ್ಲಿಯೇ ಇನ್ನೊಂದು ಪಂಗಡವಾದ ಬರೊಲಾಂಗರ ಹಟ್ಟಿಗಳಲ್ಲಿ ಬೇರೆ ಭಾಷೆಯ ಸೋಂಕಿಲ್ಲದೆ ಉಳಿದು ಸೆತ್ಸ್ವಾನಾವನ್ನು ಕಲಿತು ಬಂದನು. ಇಲ್ಲಿ ಕನ್ನಡಿಗನಿಗೆ ಒಂದು ನೆನಪು ತಾನಾಗಿ ಬರುತ್ತದೆ. ಅದೇ ಸೊಸೈಟಿಯಿಂದ ಬಂದು 1810ರಿಂದ ಬಳ್ಳಾರಿಯಲ್ಲಿ ನೆಲಸಿದ್ದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದುದೂ, ವಿಲಿಯಂ ರೀವ್ ನಮ್ಮ ನುಡಿಗೆ ನಿಘಂಟನ್ನು ಕಟ್ಟಿ 1832ರಲ್ಲಿ ಹೊರತಂದುದೂ ಇದೇ ಕಾಲದಲ್ಲಿ. ಹ್ಯಾಂಡ್ಸನಿಗೆ ಸಾವಿರ ವರ್ಷಗಳ ಲಿಪಿಯೂ ಕಾವ್ಯವೂ ವ್ಯಾಕರಣವೂ ಪಂಡಿತರೂ ಇದ್ದರು; ಮೊಫೆಟನಿಗೆ ಇದ್ದದ್ದು ಜನರ ಬಾಯಿ ಮಾತ್ರ. ಹಟ್ಟಿಯ ಬೆಂಕಿಯ ಸುತ್ತ ಕುಳಿತು ಕಿವಿಗೊಡುವುದೇ ಆತನ ಪಾಂಡಿತ್ಯ.

ಎಂಟು ಒಂಬತ್ತು ವರ್ಷಗಳ ದುಡಿಮೆಗೆ ಒಬ್ಬನಾದರೂ ಶಿಷ್ಯನಿಲ್ಲದಿದ್ದ ಆ ದಿನಗಳಲ್ಲಿ, ನಿನಗೆ ಏನು ಉಡುಗೊರೆ ಕಳುಹಿಸಲಿ ಎಂದು ಶೆಫೀಲ್ಡಿನ ಗೆಳತಿಯೊಬ್ಬಳು ಮೇರಿಯನ್ನು ಕೇಳಿದ್ದಳು. ಬಟ್ಟೆಯೋ ಪಾತ್ರೆಯೋ ಬೇಕೆನ್ನಬಹುದಾಗಿದ್ದ ಆಕೆ, ದೀಕ್ಷೆ ಪಡೆದವರು ಕೂಡಿ ಕೊಳ್ಳುವ ಸಂಸ್ಕಾರದ ಭೋಜನಕ್ಕೆ ಬೇಕಾಗುವ ಬಟ್ಟಲುಗಳನ್ನು ಕಳುಹಿಸು, ಒಂದು ದಿನ ಬೇಕಾದಾವು ಎಂಬರ್ಥದ ಉತ್ತರ ಬರೆದಳು. 1829ರಲ್ಲಿ ಮೊದಲ ಆರು ಮಂದಿ ದೀಕ್ಷೆ ಪಡೆದರು. ಆ ಭೋಜನದ ಹಿಂದಿನ ದಿನವೇ ಬಟ್ಟಲುಗಳ ಪೆಟ್ಟಿಗೆ ಊರಿಗೆ ಬಂದು ಇಳಿಯಿತು. ಮೇರಿಯ ಸ್ವಭಾವವನ್ನು ಇಷ್ಟು ಚೆನ್ನಾಗಿ ತಿಳಿಸುವ ಘಟನೆ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ಅದಾದ ಮೇಲೆ ಊರಿನ ಬಾಳು ಬೇಗ ಬೇಗ ಬದಲಾಯಿತು. ಹೆಂಗಸರು ಹೊಲಿಗೆ ಕಲಿಯಲು ಮೇರಿಯ ಬಳಿಗೆ ಬಂದರು. ಬೆಂಕಿಯ ಬೆಳಕೊಂದನ್ನೇ ಬಲ್ಲ ಮನೆಗಳಲ್ಲಿ ಮೇಣದಬತ್ತಿಯ ಗೊಂಚಲುಗಳು ತೂಗಾಡಿದುವು. ನೇಗಿಲು ಬಂದಮೇಲೆ, ದನಗಳು ಗಂಡಸರ ಅಧೀನವಾಗಿದ್ದುದರಿಂದ, ಬೇಸಾಯವೂ ಮೆಲ್ಲನೆ ಗಂಡಸರ ಕೈಗೆ ಸೇರಿತು. ಬಂದ ಬದಲಾವಣೆಗಳೆಲ್ಲ ಒಳಿತೇ ಎಂದು ನಾನು ಹೇಳಲಾರೆ.

ಲೂಕನ ಸುವಾರ್ತೆಯನ್ನು ಅಚ್ಚು ಹಾಕಿಸಲು 1830ರಲ್ಲಿ ಕೇಪ್‌ಟೌನಿಗೆ ಹೋದರೆ ಅಲ್ಲಿ ಮೊಳೆ ಜೋಡಿಸುವವರೇ ಇಲ್ಲ. ಮೊಫೆಟನೂ ಆತನ ಸಹೋದ್ಯೋಗಿ ಎಡ್ವರ್ಡ್ಸನೂ ಆ ವಿದ್ಯೆಯನ್ನು ತಾವೇ ಕಲಿತು ಪುಸ್ತಕವನ್ನು ಮುಗಿಸಿ, ಮರುವರ್ಷ ಒಂದು ಮುದ್ರಣಯಂತ್ರವನ್ನೇ ಕುರುಮಾನಿಗೆ ತಂದರು. ಬಿಳಿಯ ಹಾಳೆಯೊಂದು ಒಳಗೆ ಹೋಗಿ ಕ್ಷಣಮಾತ್ರದಲ್ಲಿ ಅಕ್ಷರಗಳಿಂದ ಕಪ್ಪಾಗಿ ಹೊರಬಂದುದನ್ನು ನೋಡಿದ ಒಬ್ಬನು ಆ ಹಾಳೆಯನ್ನು ಹಿಡಿದು ಊರೆಲ್ಲ ತೋರಿಸುತ್ತ ಓಡಿದನಂತೆ. 1838ರಲ್ಲಿ, ನೂರಾರು ಮೈಲಿ ದೂರದ ಕಾಡಿನಿಂದ ಎತ್ತುಗಳು ಎಳೆದು ತಂದ ತೊಲೆಗಳ ಮೇಲೆ ಚಾವಣಿ ಹೊದಿಸಿದ ಕಲ್ಲಿನ ದೇವಾಲಯ ಸಿದ್ಧವಾಯಿತು.

ಮರುವರ್ಷ, ಹೊಸ ಒಡಂಬಡಿಕೆಯ ಹಸ್ತಪ್ರತಿಯನ್ನು ಹೊತ್ತು ಅವರು ಇಂಗ್ಲೆಂಡಿಗೆ ಹಡಗೇರಿದರು. ಬಂದರು ಬಿಡುವ ಮುನ್ನವೇ ಹಡಗಿನಲ್ಲಿ ದಡಾರ ಹಬ್ಬಿತ್ತು. ಮೇರಿ ಅಲ್ಲಿಯೇ ಎಲಿಜಬೆತ್ ಎಂಬ ಹೆಣ್ಣುಮಗುವನ್ನು ಹೆತ್ತಳು. ಕೆಲವೇ ದಿನಗಳಲ್ಲಿ ಆರು ವರ್ಷದ ಮಗ ಜೇಮ್ಸ್ ಅದೇ ರೋಗದಿಂದ ತೀರಿಕೊಂಡನು.

1843ರ ಕೊನೆಯಲ್ಲಿ ಕುರುಮಾನಿಗೆ ಹಿಂದಿರುಗಿದ ಮೊಫೆಟ್ ದಂಪತಿಗಳು ಇನ್ನು ಹೊಸಬರಲ್ಲ. ಉತ್ತರಕ್ಕೆ ಹೋಗುವ ಪ್ರತಿಯೊಬ್ಬ ಮಿಶನರಿಗೂ ಪ್ರವಾಸಿಗೂ ಅವರ ಮನೆಯೇ ಛತ್ರ, ಅವರ ಮಾತೇ ಹಿರಿಯರ ಮಾತು. ಆ ನಾಡಿನ ರೂಢಿಯಂತೆ ಮೇರಿಯನ್ನು ಜನ ಮೊದಲ ಮಗಳ ಹೆಸರಿನಿಂದ ಮಾ-ಮೇರಿ ಎಂದು ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಇಂಥವರ ಅವ್ವ ಎಂದು ಕರೆಯುವ ಹಾಗೆಯೇ. ಆ ಮಗಳು, ತೋಟದ ಬಾದಾಮಿ ಮರದ ಕೆಳಗೆ, ಸಿಂಹದ ಬಾಯಿಗೆ ಸಿಕ್ಕಿ ಮುರಿದ ತೋಳನ್ನು ಮಾಯಿಸಿಕೊಳ್ಳಲು ಬಂದಿದ್ದ ಲಿವಿಂಗ್‌ಸ್ಟನನಿಗೆ ತನ್ನ ಒಪ್ಪಿಗೆಯನ್ನು ಕೊಟ್ಟಳು. 1845ರ ಜನವರಿಯಲ್ಲಿ ಆ ದೇವಾಲಯದಲ್ಲಿಯೇ ಅವರ ಮದುವೆಯಾಯಿತು. ಉಳಿದ ಹೆಣ್ಣುಮಕ್ಕಳಲ್ಲಿ ಆ್ಯನ್ ಫ್ರೆಂಚ್ ಮಿಶನರಿಯಾದ ಫ್ರೆಡುವನ್ನೂ, ಹಡಗಿನಲ್ಲಿ ಹುಟ್ಟಿದ ಎಲಿಜಬೆತ್ ಮುಂದೆ ರೋಜರ್ ಪ್ರೈಸನನ್ನೂ ವರಿಸಿದರು. ಮಗ ಜಾನ್ ಕೂಡ ಮಿಶನರಿಯೇ ಆದನು.

ಈ ಕಾಲದ ಮೇರಿಯ ಜೀವನವನ್ನು ಆಳಿದ್ದು ಅಂಚೆ. ಮಕ್ಕಳು ಶಾಲೆಗೆಂದು ದೂರದ ಸೇಲಂ ಎಂಬ ಊರಿಗೋ ಇಂಗ್ಲೆಂಡಿಗೋ ಹೋದವರು, ಆಮೇಲೆ ಸಂಸಾರ ಹೂಡಿ ಮರಳುಗಾಡಿನ ಆಚೆಗೆ ಹೋದವರು. ಅವರಿಗೆಲ್ಲ ಬರೆಯುತ್ತ, ಅವರ ಕಾಗದ ತರುವ ಗಾಡಿಯ ಧೂಳನ್ನು ದಿಗಂತದಲ್ಲಿ ಹುಡುಕುತ್ತ ವರ್ಷಗಳು ಕಳೆದುವು. ಬರೆಯುವುದರಿಂದಲೇ ತೃಪ್ತಳಾಗುವ ತಾಯಿಯಲ್ಲ ಆಕೆ. ಐವತ್ತು ವರ್ಷ ಸಮೀಪಿಸಿದ ಮೇಲೆ, ಗಂಡನಿಗೆ ಭಾಷಾಂತರ ಬಿಟ್ಟೇಳಲು ಬಿಡುವಿಲ್ಲದಿದ್ದಾಗ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ತಾನೇ ಎತ್ತಿನ ಗಾಡಿ ಹೂಡಿಸಿ, ಲಿವಿಂಗ್‌ಸ್ಟನ್ನರ ವಸತಿಯಾದ ಚೊನ್ವಾನೆಗೆ ಹೋಗಿ ಮಗಳನ್ನು ನೋಡಿ ಬಂದಳು.

ಆಕೆ ಬರೆದ ಕಾಗದಗಳಲ್ಲೆಲ್ಲ ಅತ್ಯಂತ ಕಠಿಣವಾದದ್ದು 1851ರಲ್ಲಿ ಅಳಿಯನಿಗೆ ಬರೆದದ್ದು. ಹಿಂದಿನ ವರ್ಷ ಗರ್ಭಿಣಿಯಾದ ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ಗಾಡಿಯಲ್ಲಿ ಕೂರಿಸಿ ಕಲಹಾರಿಯನ್ನು ದಾಟಿಸಿದ್ದ ಲಿವಿಂಗ್‌ಸ್ಟನ್ ಅದೇ ಸಾಹಸಕ್ಕೆ ಮತ್ತೆ ಸಿದ್ಧನಾಗಿದ್ದನು. ಮಗಳು ಮತ್ತೆ ಗರ್ಭಿಣಿ. ಮೊದಲ ಪ್ರಯಾಣದ ತರುವಾಯ ಹುಟ್ಟಿದ ಮಗು ಕೆಲವೇ ವಾರ ಬದುಕಿ ಕಣ್ಮುಚ್ಚಿದ್ದುದು ಅಜ್ಜಿಯ ಮನಸ್ಸಿನಲ್ಲಿ ಹಸಿಯಾಗಿತ್ತು. ಒಂದು ಮಗುವನ್ನು ಕಳೆದುಕೊಂಡದ್ದು ಸಾಲದೆ ಎಂದು ಆಕೆ ನೇರವಾಗಿಯೇ ಕೇಳಿದಳು. ಲಿವಿಂಗ್‌ಸ್ಟನ್ ಆ ಪತ್ರವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಂಡನು, ಪ್ರಯಾಣವನ್ನು ಮಾತ್ರ ನಿಲ್ಲಿಸಲಿಲ್ಲ. ಆಫ್ರಿಕೆಯ ಒಳನಾಡಿನ ಶೋಧನೆಯನ್ನು ಕುರಿತು ಬಂದ ಬರಹಗಳ ರಾಶಿಯಲ್ಲಿ, ಆ ಶೋಧನೆಗೆ ಯಾರು ಬೆಲೆ ತೆತ್ತರೆಂಬುದನ್ನು ಈ ಒಂದು ಕಾಗದದಷ್ಟು ಸ್ಪಷ್ಟವಾಗಿ ಹೇಳಿದ್ದು ನಾನು ಕಾಣೆ.

ಇತ್ತ ಕಿಟಕಿಯ ಬಳಿಯ ಮೇಜಿನಲ್ಲಿ ಹಳೆಯ ಒಡಂಬಡಿಕೆ ಒಂದೊಂದೇ ಅಧ್ಯಾಯವಾಗಿ ಬೆಳೆಯುತ್ತಿತ್ತು. ನಿದ್ರೆ ಹೋಗಿ, ತಲೆಯಲ್ಲಿ ನಿಲ್ಲದ ಮೊರೆತ ಹತ್ತಿ ಮೊಫೆಟ್ ಕುಸಿದಾಗ, ಮೇರಿಯೇ ಆತನನ್ನು ಮನೆಯಿಂದ ಹೊರಡಿಸಿದಳು. 1854ರಲ್ಲಿ ಆತ ತನ್ನ ಹಳೆಯ ಮಿತ್ರನಾದ ಎನ್‌ಡೆಬೆಲೆ ಅರಸ ಮ್ಸಿಲಿಕಾಜಿಯನ್ನು ಕಾಣಲು ಉತ್ತರಕ್ಕೆ ಹೋಗಿ ತಿಂಗಳುಗಟ್ಟಲೆ ಬಾರದಿದ್ದನು. ಗಂಡ ಇಂಥ ಯಾತ್ರೆಗೆ ಹೋದಾಗಲೆಲ್ಲ ಮನೆ, ತೋಟ, ಅತಿಥಿಗಳ ಭಾರವೆಲ್ಲ ಆಕೆಯ ಮೇಲೆ. 1857ರಲ್ಲಿ ಕೊನೆಯ ಹಾಳೆ ಅಚ್ಚಾಗಿ ಹೊರಬಂದಿತು. ಇಡಿಯ ಬೈಬಲು, ಮಿಶನರಿಗಳು ಬರುವವರೆಗೆ ಬರಹವೇ ಇಲ್ಲದಿದ್ದ ಒಂದು ನುಡಿಯಲ್ಲಿ, ಆ ನುಡಿಯಾಡುವವರ ಊರಿನಲ್ಲಿಯೇ ಪೂರ್ಣವಾದದ್ದು ಸಣ್ಣ ಮಾತಲ್ಲ.

ಆದರೂ ಈ ದೊಡ್ಡ ಕೆಲಸದ ಒಡಲಲ್ಲೇ ಒಂದು ಅನ್ಯಾಯ ಅಡಗಿರುವುದನ್ನು ಹೇಳದೆ ಬಿಡಲಾಗದು. ತ್ಸ್ವಾನಾ ಜನರಿಗೆ ಧರ್ಮವೆಂಬುದೇ ಇಲ್ಲವೆಂದು ಮೊಫೆಟ್ ನಂಬಿದ್ದನು. ಅವರು ಬದಿಮೊ ಎಂದು ಭಕ್ತಿಯಿಂದ ನೆನೆಯುತ್ತಿದ್ದ ಪಿತೃಗಳ ಹೆಸರನ್ನು ಆತನ ಭಾಷಾಂತರ ದೆವ್ವಗಳೆಂಬ ಅರ್ಥಕ್ಕೆ ಇಳಿಸಿತು. ಓದು ಕಲಿತ ಮಗು ತನ್ನ ಅಜ್ಜ ಮುತ್ತಜ್ಜಂದಿರನ್ನು ದೇವರ ಪುಸ್ತಕದಲ್ಲಿ ಪಿಶಾಚಿಗಳಾಗಿ ಕಾಣಬೇಕಾಯಿತು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಡುವ ನಾಡಿನಲ್ಲಿ ಹುಟ್ಟಿದ ನನಗೆ ಆ ಒಂದು ಶಬ್ದದ ಪೆಟ್ಟು ಎಂಥದೆಂಬುದು ಅರ್ಥವಾಗುತ್ತದೆ. ಸೆಗಣಿಯ ನೆಲವನ್ನು ಆ ಜನರಿಂದ ಕಲಿತ ಮನೆಯಲ್ಲಿಯೇ ಅವರ ಪಿತೃಗಳಿಗೆ ಸ್ಥಳ ದೊರೆಯಲಿಲ್ಲ.

ಮುಪ್ಪು ಅವರಿಗೆ ದುಃಖಗಳನ್ನೇ ತಂದಿತು. 1862ರ ಏಪ್ರಿಲಿನಲ್ಲಿ ಜಾಂಬೆಜಿಯ ದಡದ ಶುಪಾಂಗದಲ್ಲಿ ಮಗಳು ಮೇರಿ ಜ್ವರದಿಂದ ಮಡಿದಳು. ಅದೇ ವರ್ಷ ಮಗ ರಾಬರ್ಟನೂ ಹೋದನು. 1866ರಲ್ಲಿ, ಕುಡಿದ ವ್ಯಾಪಾರಿಯೊಬ್ಬನ ಗಾಡಿಯಲ್ಲಿದ್ದ ಕೋವಿಮದ್ದು ಸಿಡಿದು ಅಳಿಯ ಫ್ರೆಡು ಸತ್ತನು. ಎಪ್ಪತ್ತರ ಆಸುಪಾಸಿನ ಅಜ್ಜ ಅಜ್ಜಿಯರು ಸುದ್ದಿ ಬಂದಾಗಲೆಲ್ಲ ಬಾಗಿಲು ಹಾಕಿ ಅತ್ತು, ಮರುದಿನ ಮತ್ತೆ ಶಾಲೆಗೂ ಅಡಿಗೆಮನೆಗೂ ಹೊರಟಿರಬೇಕು. ಅವರ ಕೆಲಸವೇನೂ ನಿಂತ ಕುರುಹಿಲ್ಲ.

ದೇಹ ಸಾಗದಾದಾಗ ಸೊಸೈಟಿಯ ಸಲಹೆಗೆ ಒಪ್ಪಿ ಅವರು ಹೊರಡುವುದೆಂದಾಯಿತು. 1870ರ ಮಾರ್ಚ್ 20, ಭಾನುವಾರ, ಮೊಫೆಟ್ ಆ ಕಲ್ಲಿನ ದೇವಾಲಯದಲ್ಲಿ ಸೆತ್ಸ್ವಾನಾದಲ್ಲಿ ಕೊನೆಯ ಉಪದೇಶ ಮಾಡಿದನು. ಮುಂದಿನ ಶುಕ್ರವಾರ ಮನೆಯಿಂದ ಗಾಡಿಯವರೆಗಿನ ನಾಲ್ಕು ಹೆಜ್ಜೆ ನಡೆಯುವುದೇ ಅವರಿಗೆ ದುಸ್ತರವಾಯಿತು. ಇನ್ನೊಮ್ಮೆ ಕೈಹಿಡಿಯಬೇಕೆಂದು, ಇನ್ನೊಂದು ಮಾತು ಕೇಳಬೇಕೆಂದು ದೂರದೂರದ ಹಟ್ಟಿಗಳಿಂದ ಬಂದವರು ಸುತ್ತ ಮುತ್ತಿದ್ದರು. ಗಾಡಿ ಕದಲಿದಾಗ ಎದ್ದ ರೋದನ ಬಹುದೂರ ಅವರ ಹಿಂದೆಯೇ ಬಂದಿತು. ಈಟಿ ಹಿಡಿದು ಹೊರಡಿರೆಂದವರ ಮಕ್ಕಳೂ ಮೊಮ್ಮಕ್ಕಳೂ ಆ ಗುಂಪಿನಲ್ಲಿ ಇದ್ದಿರಬೇಕು.

ಜೂನಿನಲ್ಲಿ ಕೇಪ್‌ಟೌನ್ ಬಿಟ್ಟು, ಜುಲೈಯಲ್ಲಿ ಅವರು ಇಂಗ್ಲೆಂಡನ್ನು ಮುಟ್ಟಿದರು. ಐವತ್ತು ವರ್ಷಗಳಲ್ಲಿ ಆ ದೇಶ ಅವರಿಗೆ ಪರದೇಶವಾಗಿತ್ತು. ಲಂಡನ್ನಿನ ಬ್ರಿಕ್ಸ್‌ಟನ್ನಿನಲ್ಲಿ ಮನೆ ಮಾಡಿದ ಮೇಲೆ ಮೇರಿ ಒಂದು ಚಳಿಗಾಲವನ್ನೂ ಪೂರ್ತಿ ಕಾಣಲಿಲ್ಲ. 1871ರ ಜನವರಿ 10ರಂದು ಆಕೆ ತೀರಿಕೊಂಡಳು. ತನಗಾಗಿ ಪ್ರಾರ್ಥಿಸುವವಳು ಇಷ್ಟು ವರ್ಷ ಜೊತೆಗಿದ್ದಳಲ್ಲ ಎಂಬುದೇ ಮೊಫೆಟನ ಬಾಯಿಂದ ಬಂದ ಮೊದಲ ಉದ್ಗಾರ. ಆತ ಇನ್ನೂ ಹನ್ನೆರಡು ವರ್ಷ ಬದುಕಿದನು. ಭೂಗೋಳದ ಆ ಬದಿಯಲ್ಲಿ ಜನವರಿಯೆಂದರೆ ನಡು ಬೇಸಗೆ. ಕುರುಮಾನಿನ ಕಾಲುವೆಯ ಪಕ್ಕದಲ್ಲಿ, ಅವರು ನೆಟ್ಟ ಮರಗಳಲ್ಲಿ ಹಣ್ಣು ಮಾಗುವ ಕಾಲ.